ಎಡಗಡೆಯ ಮೇಲಿನ ಮೂಲೆ

ಬೆರಳು ಮರಗಟ್ಟಿದ್ದು ಮೊದಲೋ, ಆ ಮೂಲೆಯನ್ನು ಬಿಟ್ಟದ್ದು ಮೊದಲೋ? ಮೊದಲೇ ಮರಗಟ್ಟಿದ್ದರೆ ಯೋಚನೆಯಿಲ್ಲ. ಪೆನ್ಸಿಲು ಹಿಡಿಯಲಾಗಲಿಲ್ಲ, ಬಿಟ್ಟೆ, ಮುಗಿಯಿತು. ಆದರೆ ಬೆರಳು ಮರಗಟ್ಟಿದವನು ಹಾಯಿಕಂಬದ ಹಗ್ಗಗಳನ್ನೆಲ್ಲ ಹಾಗೆ ಬಿಡಿಬಿಡಿಯಾಗಿ ಬರೆದಾನೆಯೇ? ಅಡುಗೆಯವನ ಟೊಪ್ಪಿಯ ಕುಚ್ಚನ್ನೂ ಬಿಡದೆ ಬರೆದವನಿಗೆ ಆಕಾಶದ ಒಂದು ತುಂಡು ಯಾಕೆ ಕೈಗೆ ಬರಲಿಲ್ಲ?

ಲೆಫ್ಟಿನೆಂಟ್ ಎಗೊನ್ ರೈಟ್ಲರ್ ತನ್ನ ಗೂಡಿನಂಥ ಕೋಣೆಯಲ್ಲಿ, ಮಂಡಿಯ ಮೇಲೆ ಚಿತ್ರದ ಪುಸ್ತಕ ಇಟ್ಟುಕೊಂಡು ಇದನ್ನೇ ತಿರುವಿಹಾಕುತ್ತಿದ್ದ. ಉತ್ತರ ಧ್ರುವದ ಕಡೆಗೆ ಹೊರಟ ‘ಫ್ರೀದೆರೀಕಾ’ ಹಡಗು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿತ್ತು. ಅದಕ್ಕೆ ಚುಕ್ಕಾಣಿ ಇತ್ತು, ಆವಿಯ ಯಂತ್ರ ಇತ್ತು, ಆಸ್ಟ್ರಿಯಾದ ಚಕ್ರವರ್ತಿಯ ಬಾವುಟ ಇತ್ತು. ಗಡ್ಡೆ ಯಾವ ಕಡೆ ತೇಲಿದರೆ ಆ ಕಡೆ ಹೋಗುತ್ತಿತ್ತು.

ಸೂರ್ಯ ದಿಗಂತದಿಂದ ಹಣೆಯನ್ನಷ್ಟೇ ತೋರಿಸಿ ಮರೆಯಾಗುವ ಅಕ್ಟೋಬರಿನ ಒಂದು ಮಧ್ಯಾಹ್ನ ಸುತ್ತಲಿನ ಗಡ್ಡೆ ಹಡಗನ್ನು ಹಿಂಡಿತ್ತು. ಮರದ ಪಕ್ಕೆಗಳು ನರಳಿದವು. ಹಡಗು ವಾಲಿಕೊಂಡು ಮೇಲಕ್ಕೆದ್ದಿತು. ನಾವಿಕರು ದೋಣಿಗಳನ್ನೂ ಹಿಟ್ಟಿನ ಮೂಟೆಗಳನ್ನೂ ಗಡ್ಡೆಯ ಮೇಲಕ್ಕೆ ಉರುಳಿಸುತ್ತಿದ್ದಾಗ ಕ್ಯಾಪ್ಟನ್ ಹೊಲ್ಟ್ಸರ್ ಎಗೊನ್‌ನ ಕಡೆ ತಿರುಗಿ, “ನೀನು ಬರಿ,” ಎಂದಿದ್ದ. ಎಗೊನ್ ಕೆಳಗಿಳಿದು ಗಡ್ಡೆಯ ಮೇಲೆ ನಿಂತು ಬರೆದಿದ್ದ. ಸಂಜೆಗೆ ಹಿಂಡುವುದು ನಿಂತಿತು. ಹಡಗು ಮುರಿಯಲೂ ಇಲ್ಲ, ಮತ್ತೆ ನೀರಿಗೆ ಇಳಿಯಲೂ ಇಲ್ಲ. ಒಂದು ಮಗ್ಗುಲಿಗೆ ಒರಗಿ ಹಾಗೇ ಕೂತುಬಿಟ್ಟಿತು. ಅಂದಿನಿಂದ ಎಲ್ಲರೂ ಇಳಿಜಾರಿನಲ್ಲೇ ಮಲಗುತ್ತಿದ್ದರು. ಬಟ್ಟಲಿನಲ್ಲಿ ಸಾರು ಒಂದೇ ಕಡೆ ನಿಲ್ಲುತ್ತಿತ್ತು.

ಚಿತ್ರ ಚೆನ್ನಾಗಿಯೇ ಬಂದಿತ್ತು. ಎಡಗಡೆಯ ಮೇಲಿನ ಮೂಲೆ ಮಾತ್ರ ಬರಿದಾಗಿತ್ತು. ಅಲ್ಲಿ ಮೋಡವಿಲ್ಲ, ನೆರಳಿಲ್ಲ, ಒಂದು ಗೆರೆಯೂ ಇಲ್ಲ. ನೌಕಾಶಾಲೆಯಲ್ಲಿ ಚಿತ್ರ ಕಲಿಸಿದ ಮೇಷ್ಟ್ರು, ಅಂಗೈ ತಾಗಿ ಬರೆದದ್ದು ಮಾಸದಿರಲೆಂದು, ಯಾವಾಗಲೂ ಎಡಗಡೆಯ ಮೇಲಿನ ಮೂಲೆಯಿಂದಲೇ ಶುರುಮಾಡಿಸುತ್ತಿದ್ದರು. ಎಗೊನ್‌ಗೆ ಅದು ಎಡಗಾಲಿಗೆ ಮೊದಲು ಬೂಟು ಹಾಕಿಕೊಳ್ಳುವಷ್ಟೇ ರೂಢಿ. ಶುರುಮಾಡಬೇಕಾದ ಜಾಗವೇ ಖಾಲಿ ಉಳಿದಿತ್ತು. ಹಾಳೆಯ ಬುಡದಲ್ಲಿ ಕ್ಯಾಪ್ಟನ್‌ನ ಕಟ್ಟಳೆಯಂತೆ ‘ಕಣ್ಣಾರೆ ಕಂಡು ಬರೆದದ್ದು’ ಎಂಬ ಸಾಲು, ಕೆಳಗೆ ಅವನ ರುಜು.

ಭಾನುವಾರ ಪ್ರಾರ್ಥನೆ ಆದಮೇಲೆ ಪುಸ್ತಕವನ್ನು ನಾವಿಕರು ಮಲಗುವ ಮುಂಭಾಗಕ್ಕೆ ಕೊಂಡೊಯ್ದು ತೋರಿಸುವುದು ವಾಡಿಕೆ. ನಾವಿಕರೆಲ್ಲ ಏಡ್ರಿಯಾಟಿಕ್ ಕಡಲಿನವರು. ಅಂಜೂರ, ಆಲಿವ್, ಸಾರ್ಡೀನು ಮೀನು ಬಿಟ್ಟು ಬಂದವರು. ಹಿಮವೆಂದರೆ ದೂರದ ಬೆಟ್ಟದ ತಲೆಯ ಮೇಲಿರುವ ಬಿಳುಪು ಎಂದುಕೊಂಡಿದ್ದವರು. ಆ ಭಾನುವಾರ ಅಡುಗೆಯ ಜ್ವಾನೆ ಹೆಪ್ಪುಗಟ್ಟಿದ ವೈನನ್ನು ಕೊಡಲಿಯಿಂದ ಕಡಿಯುತ್ತಿದ್ದ.

“ಬನ್ನಿ ಸಾಹೇಬ್ರೆ, ನಿಮ್ಮ ಪಾಲು ತಗೊಳ್ಳಿ. ಬಿಳೀದು ಬೇಕೋ ಕೆಂಪು ಬೇಕೋ? ಕೆಂಪು ಸ್ವಲ್ಪ ಮೆತ್ತಗಿದೆ, ಹಲ್ಲು ಮುರಿಯಲ್ಲ.”

“ಮೊದ್ಲು ಚಿತ್ರ ತೋರ್ಸಿ,” ಎಂದ ತಾಂಡೇಲ ಬಾರ್ತೊಲ್. ನಾವಿಕರಿಗೆಲ್ಲ ಮುಖ್ಯಸ್ಥ ಅವನೇ. ವೊಲೊಸ್ಕೊ ಊರಿನವನು, ಎದೆಯ ತನಕ ಗಡ್ಡ.

ಎಗೊನ್ ಪುಟ ತೆರೆದ. ಎಲ್ಲರೂ ಬಗ್ಗಿದರು.

“ನಾವು ಸಾಯ್ತಾ ಇದ್ವಿ, ಸಾಹೇಬ್ರು ನಮ್ಮನ್ನ ಬರೀತಾ ಇದ್ರು,” ಎಂದ ಜ್ವಾನೆ. “ನೋಡಿ, ನೋಡಿ, ನಾನು! ಹಿಟ್ಟಿನ ಮೂಟೆ ಹೊತ್ಕೊಂಡಿದ್ದೀನಿ. ಇಷ್ಟು ದಪ್ಪ ಇದ್ದೀನಾ ನಾನು?”

“ಮೂಟೆ ಯಾವ್ದು ನೀನು ಯಾವ್ದು ಅಂತ ಗೊತ್ತಾಗಲ್ಲ, ಅಷ್ಟೆ,” ಎಂದ ಮಿಕೂಲಾ. ಅವನು ಎಲ್ಲರಿಗಿಂತ ಹಿರಿಯ. ಎಷ್ಟು ಸಲ ಹಡಗು ಮುಳುಗಿ ಬದುಕಿ ಬಂದಿದ್ದನೆಂಬುದು ಅವನಿಗೇ ನೆನಪಿರಲಿಲ್ಲ.

ಬಾರ್ತೊಲ್ ಮಾತ್ರ ನಗಲಿಲ್ಲ. ಅವನು ಖಾಲಿ ಮೂಲೆಯನ್ನು ನೋಡಿದ. ತುಪ್ಪಳದ ಟೊಪ್ಪಿ ತೆಗೆದ. ಶಿಲುಬೆಯ ಗುರುತು ಮಾಡಿಕೊಂಡ.

“ಜಾಗ ಬಿಟ್ಟಿದ್ದೀರಿ,” ಎಂದ. “ನಾನು ಕೇಳೋಕೆ ಮುಂಚೆನೇ ಬಿಟ್ಟಿದ್ದೀರಿ. ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ, ಸಾಹೇಬ್ರೆ.”

ಎಗೊನ್‌ಗೆ ಅರ್ಥವಾಯಿತು. ರಿಯೇಕಾ ಬಂದರಿನ ಮೇಲಿನ ತ್ರಸಾತ್ ಗುಡ್ಡದಲ್ಲಿ ದೇವಮಾತೆಯ ಇಗರ್ಜಿಯಿದೆ. ಅದರ ಗೋಡೆಯ ತುಂಬ ಹಡಗುಗಳ ಚಿತ್ರ. ಬಿರುಗಾಳಿಯಲ್ಲಿ ಸಿಕ್ಕಿದ ನಾವಿಕರು ಮಾತೆಗೆ ಹರಕೆ ಹೊರುತ್ತಾರೆ. ಬದುಕಿ ಬಂದರೆ ಆ ಗಂಡಾಂತರದ ಚಿತ್ರ ಬರೆಸಿ ಅಲ್ಲಿ ತೂಗುಹಾಕುತ್ತಾರೆ. ಕೆಳಗೆ ಮುಳುಗುವ ಹಡಗು, ಎಡಗಡೆಯ ಮೇಲಿನ ಮೂಲೆಯಲ್ಲಿ ಮೋಡದ ಮೇಲೆ ಕೂಸನ್ನೆತ್ತಿಕೊಂಡ ಮಾತೆ. ಎಗೊನ್ ಕೂಡ ಹುಡುಗನಾಗಿದ್ದಾಗ ಅವುಗಳನ್ನು ನೋಡಿ, ಅಲೆಗಳೆಲ್ಲ ಎಲೆಕೋಸಿನ ಹಾಗಿವೆ ಎಂದು ನಕ್ಕಿದ್ದ.

“ಹಾಗಲ್ಲ ಬಾರ್ತೊಲ್. ಕಾಣದ್ದನ್ನ ನಾನು ಬರೆಯೋ ಹಾಗಿಲ್ಲ.”

“ಕಾಣದ್ದು ಅಂತ ಯಾರು ಹೇಳಿದ್ರು? ಎಲ್ಲಾರೂ ಸೇರಿ ಕೂಗಿ ಹರಕೆ ಹೊತ್ವಿ. ಹಡಗು ಮುರೀಲಿಲ್ಲ. ಮತ್ತೆ ಯಾರು ಬಂದಿದ್ದು, ವಿಯೆನ್ನಾದ ನಿಮ್ಮ ಮಂತ್ರಿಗಳಾ?”

“ನಾನಂತೂ ನೋಡ್ಲಿಲ್ಲ.”

“ರಿಯೇಕಾದಲ್ಲಿ ಚಿತ್ರದಂಗಡಿ ಮುದುಕ ಇದಾನಲ್ಲ,” ಎಂದು ಜ್ವಾನೆ ನಡುವೆ ಬಾಯಿ ಹಾಕಿದ, “ಅವ್ನು ಜನ್ಮದಲ್ಲಿ ಕಡಲಿಗೆ ಇಳಿದಿಲ್ಲ. ದಡಕ್ಕೆ ಕಟ್ಟಿದ ದೋಣೀಲಿ ಕೂತ್ರೂ ವಾಂತಿ ಮಾಡ್ತಾನೆ. ಅವ್ನು ಬರೆದಿದ್ದನ್ನೆಲ್ಲ ಮಾತೆ ಒಪ್ಕೊಂಡಿದ್ದಾಳೆ. ನೀವು ಇದೇ ಗಡ್ಡೆ ಮೇಲೆ ನಿಂತಿದ್ದವ್ರು, ನಿಮಗೆ ಕಾಣ್ಲಿಲ್ವಾ?”

“ಆ ಮುದುಕನಿಗೆ ಹೇಗೆ ಗೊತ್ತಾಗುತ್ತೆ, ಅವಳು ಬಂದಿದ್ಲು ಅಂತ?”

“ಒಳ್ಳೆ ಕತೆ! ಅವಳು ಬರದೇ ಇದ್ದಿದ್ರೆ ಚಿತ್ರ ಬರೆಸೋಕೆ ಅಂಗಡಿಗೆ ಬರೋರು ಯಾರು ಸಾಹೇಬ್ರೆ?”

ಎಗೊನ್ ಪುಸ್ತಕ ಮುಚ್ಚಿ ಹಿಂದಕ್ಕೆ ಬಂದ.

ಕ್ಯಾಪ್ಟನ್ ಹೊಲ್ಟ್ಸರ್ ಲೂಥರನ ಪಂಥದವನು. ಅವನ ದೇವರು ಮೋಡದ ಮೇಲೆ ಕೂರುವವನಲ್ಲ. ಬೆನ್ನು ನೆಟ್ಟಗಿಲ್ಲದ ಕುರ್ಚಿಯ ಮೇಲೂ ಕೂರಲಾರ. ಎಗೊನ್ ಹೇಳಿದ್ದನ್ನು ಕೇಳಿ ಅವನು ಪೈಪಿನ ಬೂದಿ ಕೊಡವಿದ.

“ನಾವು ಏನಾದ್ರೂ ಕಂಡುಹಿಡಿದ್ರೆ ಅದಕ್ಕೆ ಸಾಕ್ಷಿ ಯಾವುದಯ್ಯ? ಬಂಡೆ ಹೊತ್ಕೊಂಡು ಹೋಗೋಕಾಗುತ್ತಾ? ನಿನ್ನ ಪುಸ್ತಕ ಒಂದೇ. ವಿಯೆನ್ನಾದ ಪಂಡಿತರು ಅದನ್ನ ಭೂತಗನ್ನಡಿ ಹಿಡಿದು ನೋಡ್ತಾರೆ. ಒಂದು ಪುಟದಲ್ಲಿ ಮೋಡದ ಮೇಲೆ ಹೆಂಗಸು ಕೂತಿದ್ರೆ, ಮುಂದಿನ ಪುಟದ ಬೆಟ್ಟವನ್ನ ಯಾರು ನಂಬ್ತಾರೆ?”

“ಆದ್ರೆ ನಾವಿಕರು…”

“ಕಣ್ಣಾರೆ ಕಂಡು ಬರೆದದ್ದು. ರುಜು ನಿಂದು. ನೀನು ಕಂಡ್ಯಾ?”

“ಇಲ್ಲ ಸರ್,” ಎಂದ ಎಗೊನ್. ಅರೆಗಳಿಗೆ ತಡವಾಗಿ ಎಂದ. ಕ್ಯಾಪ್ಟನ್ ಪೈಪು ತುಂಬುತ್ತಿದ್ದ, ಗಮನಿಸಲಿಲ್ಲ.

ಮೂಲೆ ತುಂಬುವುದಿಲ್ಲವೆಂಬ ಸುದ್ದಿ ಮುಂಭಾಗಕ್ಕೆ ಮುಟ್ಟಿದ ಮೇಲೆ ಹಡಗಿನಲ್ಲಿ ಹಾಡು ನಿಂತಿತು. ನಾವಿಕರು ಹೇಳಿದ ಕೆಲಸ ಮಾಡುತ್ತಿದ್ದರು, ಹೇಳದ್ದನ್ನು ಮಾಡುತ್ತಿರಲಿಲ್ಲ. ತೀರಿಸದ ಹರಕೆಯೇ ಹಡಗನ್ನು ಹಿಡಿದಿಟ್ಟಿದೆ ಎಂದು ಬಾರ್ತೊಲ್ ಯಾರ ಮುಖವನ್ನೂ ನೋಡದೆ ಹೇಳುತ್ತಿದ್ದ. ಜ್ವಾನೆ ಪೊಲೆಂಟಾವನ್ನು, ಅಂದರೆ ಮೆಕ್ಕೆಜೋಳದ ಹಿಟ್ಟಿನ ಗಂಜಿಯನ್ನು, ಮೊದಲಿನಂತೆಯೇ ಕಲಸಿದರೂ ಎಗೊನ್‌ನ ಬಟ್ಟಲಿಗೆ ಮಾತ್ರ ತಳ ಹಿಡಿದದ್ದು ಬೀಳುತ್ತಿತ್ತು. ಕೊನೆಗೊಂದು ದಿನ ಬಾರ್ತೊಲ್ ಬಂದು ನೆಟ್ಟಗೆ ಹೇಳಿದ: ಬೇಸಿಗೆಯಲ್ಲಿ ಹಡಗು ಬಿಟ್ಟು ದೋಣಿ ಎಳೆದುಕೊಂಡು ಹೋಗಬೇಕಾಗಿ ಬಂದರೆ, ಹರಕೆ ಬಾಕಿ ಇಟ್ಟುಕೊಂಡು ತನ್ನ ಜನ ಹಗ್ಗ ಮುಟ್ಟುವುದಿಲ್ಲ. ಜಗಳವೇನೂ ಇಲ್ಲ, ಕೋಪವೂ ಇಲ್ಲ. ಮುಟ್ಟುವುದಿಲ್ಲ, ಅಷ್ಟೇ.

ಎಗೊನ್ ರಾತ್ರಿಯಂಥ ಹಗಲುಗಳನ್ನು ಪುಸ್ತಕದ ಎದುರು ಕಳೆದ. ಒಂದು ಹೆಂಗಸು, ಒಂದು ಮಗು, ಒಂದು ಮೋಡ. ಐದು ನಿಮಿಷದ ಕೆಲಸ. ಪೆನ್ಸಿಲು ಆ ಮೂಲೆಯ ತನಕ ಹೋಗಿ ವಾಪಸು ಬರುತ್ತಿತ್ತು.

ಬಗೆಹರಿದದ್ದು ಬೋಚೆ ಆಟದಲ್ಲಿ. ನಾವಿಕರು ಮರದ ಚೆಂಡುಗಳನ್ನು ಊರಿನಿಂದಲೇ ತಂದಿದ್ದರು. ಲಾಂದ್ರಗಳ ಬೆಳಕಿನಲ್ಲಿ, ಗಡ್ಡೆಯ ಮೇಲೆ ಸಪಾಟು ಮಾಡಿದ ಅಂಗಳದಲ್ಲಿ, ಸಣ್ಣ ಚೆಂಡಿನ ಹತ್ತಿರಕ್ಕೆ ದೊಡ್ಡದನ್ನು ಉರುಳಿಸುವ ಆಟ. ಊರಿನ ಮಣ್ಣಿನಲ್ಲಿ ನಿಲ್ಲುವ ಚೆಂಡು ಇಲ್ಲಿ ನಿಲ್ಲುತ್ತಲೇ ಇರಲಿಲ್ಲ. ಎಗೊನ್ ಆಟ ನೋಡಲು ಬಂದು ದೂರ ನಿಂತ. ಜ್ವಾನೆ ಬಿಟ್ಟ ಚೆಂಡು ಎಲ್ಲವನ್ನೂ ದಾಟಿ ಕತ್ತಲೆಗೆ ಹೋಯಿತು.

“ಹೋಯ್ತು ಧ್ರುವಕ್ಕೆ,” ಎಂದ ಮಿಕೂಲಾ. “ಕ್ಯಾಪ್ಟನ್‌ಗಿಂತ ಮೊದ್ಲು ನಿನ್ನ ಚೆಂಡೇ ಮುಟ್ಟುತ್ತೆ. ಬಾವುಟ ಕಟ್ಟಿ ಕಳಿಸ್ಬೇಕಿತ್ತು.”

“ಹರಕೆ ತೀರಿಸದೆ ಇದ್ರೆ ಚೆಂಡೂ ಮಾತು ಕೇಳಲ್ಲ,” ಎಂದು ಬಾರ್ತೊಲ್ ಎಗೊನ್‌ಗೆ ಕೇಳುವಂತೆ ಗೊಣಗಿದ.

ಮಿಕೂಲಾ ಸೊಂಟ ನೆಟ್ಟಗೆ ಮಾಡಿದ. “ಏ ಬಾರ್ತೊಲ್, ನಿಂಗೆ ಗಡ್ಡ ಬೆಳೆದಷ್ಟು ಬುದ್ಧಿ ಬೆಳೀಲಿಲ್ಲ ನೋಡು. ನಾನು ತ್ರಸಾತ್‌ನಲ್ಲಿ ಎಷ್ಟು ಚಿತ್ರ ಹಾಕ್ಸಿದೀನಿ? ಒಂದನ್ನಾದ್ರೂ ನೀರಿನಲ್ಲಿರೋವಾಗ ಬರೆಸಿದ್ದುಂಟಾ? ಊರು ಮುಟ್ಟಬೇಕು, ಕಾಲಿಗೆ ಮಣ್ಣು ತಾಗ್ಬೇಕು, ಆಮೇಲೆ ಅಂಗಡಿ. ಅವಳು ಇನ್ನೂ ಕೆಲ್ಸ ಮುಗಿಸಿಲ್ಲ, ಈಗ್ಲೇ ಮೋಡದ ಮೇಲೆ ಕೂರ್ಸಿಬಿಟ್ರೆ? ಸರಿ, ಚಿತ್ರ ಆಯ್ತು ಅಂತ ಎದ್ದು ಮನೆಗೆ ಹೋಗ್ತಾಳೆ! ನಾವು ಇಲ್ಲೇ!”

ಬಾರ್ತೊಲ್‌ನ ಗಡ್ಡದಲ್ಲಿ ಹೆಪ್ಪುಗಟ್ಟಿದ ಉಸಿರು ಕಟಕಟ ಅಂದಿತು.

“ಹೌದಲ್ಲ ಮಾರಾಯಾ,” ಎಂದ ಕೊನೆಗೆ. ಎಗೊನ್‌ನ ಕಡೆಗೆ ನಡೆದು ಬಂದ. “ಸಾಹೇಬ್ರೆ, ನೀವು ಅದಕ್ಕೇ ತುಂಬ್ಲಿಲ್ಲ. ನಿಮಗೆ ಗೊತ್ತಿತ್ತು. ನಾನೊಬ್ಬ ಕತ್ತೆ. ನೀವಾದ್ರೂ ಬಾಯಿ ಬಿಟ್ಟು ಹೇಳ್ಬಾರ್ದಾ?”

ಬಾರ್ತೊಲ್ ಕೈ ನೀಡಿದ.

“ಊರು ಮುಟ್ಟಿದ ಮೇಲೆ, ಇದೇ ಹಾಳೇಲಿ, ನಿಮ್ಮ ಕೈಯಿಂದ್ಲೇ. ಮಾತು ಕೊಡಿ.”

ಊರು ಮುಟ್ಟುವುದು ಅಷ್ಟು ದೂರದ ಮಾತಾಗಿ ಕಂಡಿತು, ಎಗೊನ್ ಮಾತು ಕೊಟ್ಟ. ಅಂದಿನ ಪೊಲೆಂಟಾದಲ್ಲಿ ಅವನಿಗೆ ಕೆನೆಯ ಭಾಗ ಬಿತ್ತು.

ಮುಂದಿನ ವರ್ಷ ಗಡ್ಡೆ ಅವರನ್ನು ತೇಲಿಸಿಕೊಂಡು ಹೋಗಿ ಯಾವ ನಕ್ಷೆಯಲ್ಲೂ ಇಲ್ಲದ ನೆಲದ ಎದುರು ನಿಲ್ಲಿಸಿತು. ಕಪ್ಪು ಬೆಟ್ಟಗಳು, ಅವುಗಳ ಹೆಗಲಿನಿಂದ ಕಡಲಿಗೆ ಇಳಿಯುವ ಹಿಮನದಿಗಳು. ಎಗೊನ್ ಪುಟದ ಮೇಲೆ ಪುಟ ಬರೆದ, ಎಲ್ಲವನ್ನೂ ಎಡಗಡೆಯ ಮೇಲಿನ ಮೂಲೆಯಿಂದಲೇ ಶುರುಮಾಡಿ. ಕ್ಯಾಪ್ಟನ್ ಶಿಖರಗಳಿಗೆ ಒಬ್ಬೊಬ್ಬ ಮಂತ್ರಿಯ ಹೆಸರನ್ನು ಹಂಚುತ್ತ ಬಂದ.

“ಒಂದಕ್ಕೆ ನನ್ನ ಹೆಂಡ್ತಿ ಹೆಸ್ರಿಡಿ ಸಾಹೇಬ್ರೆ,” ಎಂದ ಜ್ವಾನೆ. “ಅವಳೂ ಇಷ್ಟೇ ಎತ್ತರ, ಇಷ್ಟೇ ತಣ್ಣಗೆ. ಹತ್ತಿರ ಹೋದವ್ನು ನಾನೊಬ್ನೇ.”

ಹಡಗು ಗಡ್ಡೆಯಿಂದ ಕದಲಲಿಲ್ಲ. ಎರಡನೆಯ ಚಳಿಗಾಲ ಕಳೆದ ಮೇಲೆ ಅದನ್ನು ಬಿಟ್ಟು ಹೊರಟರು. ನಾವಿಕರು ಒಂದು ಮಾತೂ ಆಡದೆ ಹಗ್ಗ ಹೆಗಲಿಗೆ ಹಾಕಿಕೊಂಡರು. ದೋಣಿಗಳನ್ನು ಹಿಮದ ಮೇಲೆ ದಕ್ಷಿಣಕ್ಕೆ ಎಳೆದರೆ, ಗಾಳಿ ಗಡ್ಡೆಯನ್ನೇ ಉತ್ತರಕ್ಕೆ ತಳ್ಳುತ್ತಿತ್ತು. ವಾರಗಟ್ಟಲೆ ಎಳೆದ ಮೇಲೂ ಹಿಂದೆ ತಿರುಗಿದರೆ ‘ಫ್ರೀದೆರೀಕಾ’ದ ಕಂಬಗಳು, ಮರೆತು ಬಿಟ್ಟು ಹೋದಿರಲ್ಲ ಎನ್ನುವಂತೆ, ಅಲ್ಲೇ ಕಾಣುತ್ತಿದ್ದವು. ಪುಸ್ತಕ ಎಣ್ಣೆಬಟ್ಟೆಯಲ್ಲಿ ಸುತ್ತಿ ಎಗೊನ್‌ನ ಎದೆಯ ಮೇಲಿತ್ತು. ಪ್ರತಿ ಭಾನುವಾರ ಬಾರ್ತೊಲ್ ಬಂದು ಕೈಚಾಚುತ್ತಿದ್ದ. ಪುಟ ತೆರೆದು ಮೂಲೆ ಖಾಲಿಯಿದೆ ಎಂದು ಖಾತ್ರಿ ಮಾಡಿಕೊಂಡು, “ಸರಿ, ಇನ್ನೂ ನಮ್ಮ ಜೊತೇಲಿದಾಳೆ,” ಎಂದು ಹಿಂದಿರುಗಿಸುತ್ತಿದ್ದ.

ಒಂದು ಸಂಜೆ ಬ್ರೆಡ್ಡಿನ ಚೂರು ಹಂಚಿ ಆದಮೇಲೆ ಜ್ವಾನೆ ಹತ್ತಿರ ಬಂದು ಕೂತ. ಅವನ ದಪ್ಪವೆಲ್ಲ ಇಳಿದು ಟೊಪ್ಪಿಯ ಕುಚ್ಚು ಮಾತ್ರ ಮೊದಲಿನಷ್ಟಿತ್ತು.

“ಸಾಹೇಬ್ರೆ, ಗುಟ್ಟಾಗಿ ಒಂಚೂರು ಬರೀರಿ. ಪೂರ್ತಿ ಬೇಡ. ಪಾದ ಒಂದು. ಮುಂಗಡ ಅನ್ಕೊಳ್ಳಲಿ ಅವಳು.”

ಎಗೊನ್ ಎದೆಯ ಮೇಲಿನ ಗಂಟನ್ನು ಮುಟ್ಟಿ ನೋಡಿಕೊಂಡ. ಅವನಿಗೂ ಬರೆಯಬೇಕೆನಿಸಿತ್ತು. ಜ್ವಾನೆ ಅಂದುಕೊಂಡ ಕಾರಣಕ್ಕಲ್ಲ.

“ಮಾತು ಕೊಟ್ಟಿದ್ದೀನಿ,” ಎಂದ.

“ಕೊಟ್ಟಿದ್ದೀರಿ, ಹೌದು,” ಎಂದ ಜ್ವಾನೆ. “ಆದ್ರೆ ಆ ದಿನ ಅವಳು ಕೈಗವಸಿಲ್ದೆ ಬರೀ ಕೈಲಿ ಬಂದಿದ್ಲೋ ಏನೋ. ಆ ಚಳೀಲಿ. ಪಾಪ,” ಎಂದು ಎದ್ದು ಹೋದ.

ಆಮೇಲೆ ಗಾಳಿ ತಿರುಗಿತು. ಗಡ್ಡೆ ಒಡೆದು ತೆರೆದ ನೀರು ಸಿಕ್ಕಿತು, ರಷ್ಯದ ಮೀನು ಹಡಗೊಂದು ಸಿಕ್ಕಿತು. ಬಾರ್ತೊಲ್‌ನ ಲೆಕ್ಕದಲ್ಲಿ ಮೂರನ್ನೂ ಕಳಿಸಿದವಳು ಒಬ್ಬಳೇ.

ವಿಯೆನ್ನಾದಲ್ಲಿ ಪಂಡಿತರ ಸಭೆ ಸೇರಿದಾಗ ನಾವಿಕರ ಪರವಾಗಿ ಬಾರ್ತೊಲ್ ಕೂಡ ಬಂದಿದ್ದ. ಬಿಗಿಯಾದ ಹೊಸ ಕೋಟು, ಎಣ್ಣೆ ಹಚ್ಚಿ ಬಾಚಿದ ಗಡ್ಡ. ಬಾಗಿಲ ಬಳಿ, ಮೇಣದಬತ್ತಿಯಂತೆ ನಿಂತಿದ್ದ. ಹಿರಿಯ ಪಂಡಿತರು ಭೂತಗನ್ನಡಿ ಹಿಡಿದು ಪುಟ ತಿರುಗಿಸುತ್ತ ಬಂದರು. ಅವರ ಮೂಗು ಹಾಳೆಗೆ ತಾಗುತ್ತಿತ್ತು. ಒಂದು ಕಡೆ ಮೂಗು ನಿಂತಿತು.

“ಇಲ್ಲಿ ಏನಿದೆ?”

“ಏನೂ ಇಲ್ಲ ಸರ್,” ಎಂದ ಎಗೊನ್.

“ಅದೇ ಕೇಳಿದ್ದು. ಆಕಾಶದಲ್ಲಿ ಏನೂ ಇಲ್ಲ ಅಂದ್ರೆ ಬಿಳಿ ಆಕಾಶ ಅಂತ ತಿಳೀಬೇಕಾ? ಪಕ್ಕದಲ್ಲೆಲ್ಲ ನೆರಳು ತುಂಬಿದ್ದೀರಿ. ಈ ಮೂಲೇಲಿ ಏನು ಕಂಡ್ರಿ?”

ಕ್ಯಾಪ್ಟನ್ ಹೊಲ್ಟ್ಸರ್ ಕೆಮ್ಮಿದ. ಬಾಗಿಲ ಬಳಿ ಹೊಸ ಕೋಟು ಸರಕ್ಕೆಂದಿತು. ಎಗೊನ್ ಅತ್ತ ನೋಡಲಿಲ್ಲ. ಮಾತೆಯನ್ನು ಕಂಡೆ ಎಂದರೆ ಆ ಬೆಟ್ಟಗಳೆಲ್ಲ, ಮಂತ್ರಿಗಳ ಸಮೇತ, ಈ ಕೋಣೆಯಲ್ಲೇ ಕರಗಿ ನೀರಾಗುತ್ತವೆ. ಏನೂ ಕಾಣಲಿಲ್ಲ ಎಂದರೆ ಬಾಗಿಲಲ್ಲಿ ನಿಂತವನು, ಖಾಲಿ ಮೂಲೆಯ ಬಲದ ಮೇಲೆ ದೋಣಿ ಎಳೆದವನು, ಕೇಳಿಸಿಕೊಳ್ಳುತ್ತಾನೆ.

“ಬೆರಳು ಮರಗಟ್ಟಿತ್ತು ಸರ್. ಬರೆಯೋಕಾಗಲಿಲ್ಲ.”

“ಹಾಗಾದ್ರೆ ಇದು ಅಪೂರ್ಣ,” ಎಂದರು ಪಂಡಿತರು. ಮುಖದಲ್ಲಿ ತೃಪ್ತಿಯಿತ್ತು, ಬೆಳಗಿನಿಂದ ಅವರಿಗೆ ಸಿಕ್ಕಿದ ಮೊದಲ ತಪ್ಪು ಅದು. “ಅಪೂರ್ಣ ಚಿತ್ರವನ್ನ ನಾವು ಸ್ವೀಕರಿಸೋದಿಲ್ಲ. ಮಿಕ್ಕದ್ದೆಲ್ಲ ಉತ್ತಮ. ಆ ಬೆಟ್ಟಗಳು ಅತ್ಯುತ್ತಮ.” ಕಾಗದದ ಚಾಕು ತೆಗೆದು, ಹೊಲಿಗೆಯ ಪಕ್ಕದಲ್ಲಿ ನವುರಾಗಿ ಕೊಯ್ದು, ಹಾಳೆಯನ್ನು ಎಗೊನ್‌ನ ಕೈಗೆ ಕೊಟ್ಟರು. “ಇದನ್ನ ನೀವೇ ಇಟ್ಕೊಳ್ಳಿ.”

ಹೊರಗೆ ಮೆಟ್ಟಿಲ ಮೇಲೆ ಬಾರ್ತೊಲ್ ಅವನ ತೋಳು ಹಿಡಿದುಕೊಂಡ. ಎಗೊನ್ ಬೈಗುಳಕ್ಕೆ ಸಿದ್ಧನಾದ.

“ಏನು ಸಾಹೇಬ್ರೆ ನೀವು!” ಬಾರ್ತೊಲ್‌ನ ಕಣ್ಣು ಮಿನುಗುತ್ತಿತ್ತು. “ಬೆರಳು ಮರಗಟ್ಟಿತ್ತಂತೆ! ಎಂಥಾ ಸುಳ್ಳು! ಆ ಮುದುಕನ ಮುಖಕ್ಕೆ ಹೊಡೆದ ಹಾಗೆ! ಅವ್ನ ಕೈಯಿಂದ್ಲೇ ಕೊಯ್ಸಿ ಈಸ್ಕೊಂಡ್ರಲ್ಲ, ಪುಸ್ತಕಾನೂ ಕೆಡ್ಲಿಲ್ಲ, ಹರಕೇನೂ ತಪ್ಪಲಿಲ್ಲ. ನಮ್ಮ ವೊಲೊಸ್ಕೊದಲ್ಲಿ ಹುಟ್ಟಬೇಕಿತ್ತು ನೀವು!”

ರಿಯೇಕಾದ ಚಿತ್ರದಂಗಡಿಯ ಮೇಜಿನ ಮೇಲೆ, ಕಡಲಿಗೆ ಇಳಿಯದ ಆ ಮುದುಕ ಎರವಲು ಕೊಟ್ಟ ಬಣ್ಣಗಳಿಂದ, ಎಗೊನ್ ಮೂಲೆ ತುಂಬಿದ. ಸುತ್ತ ನಾವಿಕರು.

“ಮೋಡಕ್ಕೆ ಇನ್ನಷ್ಟು ಉಬ್ಬು,” ಎಂದ ಅಂಗಡಿಯವನು. “ಮೋಡ ಅಂದ್ರೆ ಎಲೆಕೋಸಿನ ಹಾಗಿರ್ಬೇಕು.”

“ಸೆರಗು ನೀಲಿ,” ಎಂದ ಬಾರ್ತೊಲ್.

“ಮಗುಗೆ ಟೊಪ್ಪಿ ಬೇಡ್ವಾ?” ಎಂದ ಮಿಕೂಲಾ.

“ಟೊಪ್ಪಿ ಹಾಳಾಗ್ಲಿ, ಅವಳ ಕೈ ನೋಡಿ!” ಎಂದ ಜ್ವಾನೆ. “ಬರೀ ಕೈ! ನಾನು ಎರಡು ವರ್ಷದಿಂದ ಅದನ್ನೇ ಯೋಚ್ನೆ ಮಾಡ್ತಾ ಇದೀನಿ. ಅಲ್ಲಿಗೆ ಹೋಗಿ ಬಂದವ್ರು ನಾವು, ನಮ್ಗೆ ಗೊತ್ತಿಲ್ವಾ? ಬೆರಳು ಉಳಿಯುತ್ತಾ?”

ವಾದ ಬಹಳ ಹೊತ್ತು ನಡೆಯಿತು. ಕೊನೆಗೆ ಎಗೊನ್ ಕರಡಿಯ ತುಪ್ಪಳದ ಕೈಗವಸುಗಳನ್ನು ಬರೆದ, ಹೆಬ್ಬೆರಳು ಬೇರೆ, ಮಿಕ್ಕ ಬೆರಳೆಲ್ಲ ಒಟ್ಟಿಗೆ. ತ್ರಸಾತ್‌ನ ಪಾದ್ರಿಗಳು ಚಿತ್ರವನ್ನು ನೋಡಿ ಹುಬ್ಬು ಗಂಟಿಕ್ಕಿ, ಇದೇನು, ಮಾತೆಯ ಕೈಗೆ ಗಾಯವೇ ಎಂದು ಕೇಳಿದರು. ಅಷ್ಟೂ ನಾವಿಕರು ಒಟ್ಟಿಗೆ ಉತ್ತರ ಹೇಳತೊಡಗಿದ್ದರಿಂದ, ಮೊಳೆ ಎಲ್ಲಿ ಬೇಕಾದರೂ ಹೊಡೆದುಕೊಳ್ಳಿ ಎಂದು ಒಳಗೆ ಹೋದರು.

ಮೊಳೆ ಹೊಡೆದದ್ದು ಮಿಕೂಲಾ. ಎಲೆಕೋಸಿನ ಅಲೆಗಳ ನಡುವೆ ಆ ಹಾಳೆಯ ಮಂಜುಗಡ್ಡೆ ಮಾತ್ರ ಚೂಪಾಗಿ, ಬೇರೆ ಲೋಕದ್ದರಂತೆ ಕಾಣುತ್ತಿತ್ತು. ಉಳಿದವರು ಗುಡ್ಡದ ಕೆಳಗಿನ ಹೆಂಡದಂಗಡಿಗೆ ಇಳಿದರು. ಹೆಪ್ಪುಗಟ್ಟದ ವೈನು ಗಂಟಲಲ್ಲಿ ಹೇಗೆ ಇಳಿಯುತ್ತದೆಂದು ಜ್ವಾನೆ ದಾರಿಯುದ್ದಕ್ಕೂ ಕೂಗಿ ಹೇಳುತ್ತಿದ್ದ. ಬಾರ್ತೊಲ್ ಟೊಪ್ಪಿ ಕೈಯಲ್ಲಿ ಹಿಡಿದು ಇನ್ನೂ ನಿಂತಿದ್ದ.

“ಸಾಹೇಬ್ರೆ, ಒಂದು ಮಾತು. ನಾವೆಲ್ಲ ಆ ದಿನ ಮೂಟೆ ಉರುಳಿಸ್ತಾ ಇದ್ವಿ, ತಲೆ ಎತ್ತಲಿಲ್ಲ. ನಿಂತು ನೋಡ್ತಾ ಇದ್ದವ್ರು ನೀವೊಬ್ರೇ. ಹೀಗೇ ಇದ್ಲಲ್ವಾ?”

ಎಗೊನ್ ಚಿತ್ರವನ್ನು ನೋಡಿದ. ನೀಲಿ ಸೆರಗು, ದುಂಡು ಮಗು, ಕರಡಿಯ ಕೈಗವಸು.

“ಹೀಗೇ,” ಎಂದ.

ಬಾರ್ತೊಲ್ ತೃಪ್ತಿಯಿಂದ ಟೊಪ್ಪಿ ಹಾಕಿಕೊಂಡು ಇಳಿದು ಹೋದ. ಬೆರಳು ಮರಗಟ್ಟಿದ್ದು ಆಮೇಲೆ, ಅದಕ್ಕೆ ಮೊದಲು ತಾನು ಬಹಳ ಹೊತ್ತು ಆ ಮೂಲೆಯನ್ನೇ ನೋಡುತ್ತ ನಿಂತಿದ್ದೆ, ಅಲ್ಲಿದ್ದದ್ದು ಹೀಗಿರಲಿಲ್ಲ ಎಂಬುದನ್ನು ಎಗೊನ್ ಅವನಿಗೆ ಹೇಳಲಿಲ್ಲ, ಬೇರೆ ಯಾರಿಗೂ ಹೇಳಲಿಲ್ಲ.